ನೀರಿಲ್ಲದ ವರ್ಷವನ್ನೇ ಮೊದಲು ಬರೆದೆವು

ಅಮೆರಿಕದ ಕೊಲರಾಡೊ ರಾಜ್ಯದ ಪಶ್ಚಿಮಕ್ಕಿರುವ ಸಣ್ಣ ಊರೊಂದರ ಪುರಸಭೆಯ ವಿದ್ಯುತ್ ವಿಭಾಗದಲ್ಲಿ ನಾನು ಹದಿನೇಳು ವರ್ಷಗಳಿಂದ ಇದ್ದೇನೆ. ನಮ್ಮ ವಾರ್ಷಿಕ ಮಾರಾಟ ಅಂದಾಜು 9 ಕೋಟಿ ಯೂನಿಟ್. ಅದರ ಮೂರನೇ ಒಂದು ಪಾಲು ಗ್ಲೆನ್ ಕ್ಯಾನ್ಯನ್ ಮೊದಲಾದ ಸರ್ಕಾರಿ ಅಣೆಕಟ್ಟುಗಳಿಂದ, ಆ ವಿದ್ಯುತ್ತನ್ನು ಮಾರುವ ಕೇಂದ್ರ ಸರ್ಕಾರಿ ಸಂಸ್ಥೆ ವೆಸ್ಟರ್ನ್ ಏರಿಯಾ ಪವರ್ ಅಡ್ಮಿನಿಸ್ಟ್ರೇಷನ್, ಅಂದರೆ ‘ವಾಪಾ’ದ ಮೂಲಕ ಬರುತ್ತದೆ. 1992ರ ಇಂಧನ ನೀತಿ ಕಾಯ್ದೆಯಿಂದಾಗಿ ನಮ್ಮಂಥ ಗ್ರಾಹಕರು ಮುಂದೆ ಎಷ್ಟು ವಿದ್ಯುತ್ ಬೇಕು, ಅದನ್ನು ಎಲ್ಲಿಂದ ತರುವುದು ಎಂದು ಲೆಕ್ಕ ಹಾಕುವ ಸಮಗ್ರ ಸಂಪನ್ಮೂಲ ಯೋಜನೆಯನ್ನು ವಾಪಾಗೆ ಐದು ವರ್ಷಕ್ಕೊಮ್ಮೆಯೂ ಪ್ರತಿ ವರ್ಷ ಪ್ರಗತಿ ವರದಿಯನ್ನೂ ಕೊಡಬೇಕೆಂಬುದು, ಕೊಡದಿದ್ದರೆ ಶೇ 10ರಿಂದ ದಂಡ ಶುರುವಾಗುವುದು ಈ ಕೆಲಸದವರಿಗೆಲ್ಲ ಗೊತ್ತು.

2015ರ ಯೋಜನೆಯನ್ನು ಹೊರಗಿನ ಸಲಹೆಗಾರರಿಂದ ಬರೆಸಿ ಸುಮಾರು 40 ಸಾವಿರ ಡಾಲರ್ ತೆತ್ತೆವು. ಅದರಲ್ಲಿ ಬೇಡಿಕೆ ವರ್ಷಕ್ಕೆ ಶೇ 2ರಂತೆ ಏರುತ್ತಲೇ ಹೋಗಿತ್ತು, ಜಲವಿದ್ಯುತ್ತು ಒಪ್ಪಂದದಲ್ಲಿರುವಷ್ಟೂ ಪ್ರತಿ ವರ್ಷ ಬರುತ್ತದೆಂದು ನೇರ ಗೆರೆ ಎಳೆದಿದ್ದರು. ಆಮೇಲಿನ ಐದು ವರ್ಷಗಳಲ್ಲಿ ಬೇಡಿಕೆ ಅರ್ಧ ಪರ್ಸೆಂಟೂ ಏರಲಿಲ್ಲ. ಅನುಮೋದನೆಯೇನೋ ಸಿಕ್ಕಿತು, ಆದರೆ ಆ ಪುಸ್ತಕವನ್ನು ಮತ್ತೆ ತೆರೆದವರನ್ನು ನಾನು ಕಾಣೆ. ಕಾಯ್ದೆ ಕೇಳುವ ಸಾರ್ವಜನಿಕ ಸಭೆಗೆ ಆಗ ಬಂದವರು ಇಬ್ಬರು, ಅವರಲ್ಲೊಬ್ಬರು ಬಿಸ್ಕತ್ತಿಗಾಗಿ ಬಂದಿದ್ದರು.

2020ರ ಯೋಜನೆಯನ್ನು ನಾವೇ ಬರೆಯುತ್ತೇವೆಂದಾಗ ಕೌನ್ಸಿಲ್ ಸದಸ್ಯರು ನಕ್ಕರು. ನಾನು ಸಾಗರ ತಾಲ್ಲೂಕಿನವನು. ಲಿಂಗನಮಕ್ಕಿಯ ಮಟ್ಟ 1,819 ಅಡಿಗೆ ಇನ್ನೆಷ್ಟು ಕಮ್ಮಿ ಇದೆಯೆಂದು ಬೆಳಗಿನ ಪತ್ರಿಕೆಯಲ್ಲಿ ನೋಡಿದ ಮೇಲೆಯೇ ಅಪ್ಪ ಕಾಫಿ ಕುಡಿಯುತ್ತಿದ್ದರು. ಜಲಾಶಯವನ್ನು ಸರಾಸರಿಯಲ್ಲಿ ನಂಬಬಾರದೆಂಬ ಬುದ್ಧಿ ನನಗೆ ಅಲ್ಲಿಂದಲೇ ಬಂದದ್ದು. ಆದ್ದರಿಂದ ಕೋಷ್ಟಕದ ಮೊದಲ ಸಾಲಿನಲ್ಲಿ ಬರಗಾಲದ ವರ್ಷವನ್ನೇ ಇಟ್ಟು, ಒಪ್ಪಂದದ ಪೂರ್ಣ ಅಂಕಿಯನ್ನು ಕೊನೆಯ ಸಾಲಿಗೆ ತಳ್ಳಿದೆ. ಈ ಅಣೆಕಟ್ಟುಗಳನ್ನು ನಡೆಸುವ ಸರ್ಕಾರಿ ಇಲಾಖೆ ಬ್ಯೂರೊ ಆಫ್ ರೆಕ್ಲಮೇಷನ್ ಹೊರಡಿಸುವ 24 ತಿಂಗಳ ಮುನ್ನೋಟದಲ್ಲಿನ ಕನಿಷ್ಠ ಅಂದಾಜನ್ನು ತೆಗೆದುಕೊಂಡು, ಅದರಿಂದಲೂ ಇನ್ನಷ್ಟು ಕಳೆಯುತ್ತೇನೆ. ಎಷ್ಟು ಕಳೆಯುತ್ತೇನೆ, ಯಾವ ತಿಂಗಳ ಹಿಮದ ಲೆಕ್ಕ ನೋಡಿ ಕಳೆಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ.

ಬೇಡಿಕೆಯ ಲೆಕ್ಕವನ್ನು ಫೀಡರ್‌ವಾರು, ಅಂದರೆ ಬಡಾವಣೆಗಳಿಗೆ ಹೋಗುವ ಒಂದೊಂದು ವಿದ್ಯುತ್ ಮಾರ್ಗಕ್ಕೂ ಬೇರೆಬೇರೆಯಾಗಿ ಮಾಡಿದೆವು. ಮೀಟರ್ ಓದುವ ಇಬ್ಬರು ಹಿರಿಯರನ್ನು ಎರಡು ವಾರ ಪಕ್ಕದಲ್ಲಿ ಕೂರಿಸಿಕೊಂಡಾಗ, ಯಾವ ಕೋಲ್ಡ್ ಸ್ಟೋರೇಜ್ ಮುಚ್ಚಲಿದೆ, ಯಾರ ಮನೆಗೆ ಎಲೆಕ್ಟ್ರಿಕ್ ಕಾರು ಬಂದಿದೆ ಎಂಬುದೆಲ್ಲ ತಿಳಿಯಿತು. ಸಾರ್ವಜನಿಕ ಸಭೆಯನ್ನು ಪುರಸಭೆಯಲ್ಲಿ ಕರೆಯದೆ, ರೈತರದೇ ಕಾಲುವೆ ಕಂಪನಿಯ ವಾರ್ಷಿಕ ಸಭೆಯಲ್ಲೇ ಅರ್ಧ ಗಂಟೆ ಕೇಳಿ ಪಡೆದೆ. ಎಪ್ಪತ್ತಕ್ಕೂ ಹೆಚ್ಚು ಜನ ಸಿಕ್ಕರು, ಬೈದವರೂ ಅವರಲ್ಲೇ ಇದ್ದರು, ಅದೆಲ್ಲವೂ ನಡಾವಳಿಯಲ್ಲಿದೆ.

ಅಲ್ಲಿಂದ ಹುಟ್ಟಿದ್ದು ನಾಜಲ್ ಪ್ರಯೋಗ. ತುಂತುರು ನೀರಾವರಿಯ ಹಿತ್ತಾಳೆ ನಾಜಲ್ ಸವೆದರೆ ಪಂಪು ಹೆಚ್ಚು ನೀರು ತಳ್ಳಿ ಹೆಚ್ಚು ಯೂನಿಟ್ ತಿನ್ನುತ್ತದೆ. ಅದೇ ಅಳತೆಯ ಡ್ರಿಲ್ ಬಿಟ್‌ನ ಹಿಂಬದಿಯನ್ನು ರಂಧ್ರಕ್ಕೆ ತೂರಿಸಿ, ಅದು ಅಲುಗಾಡಿದರೆ ನಾಜಲ್ ಬದಲಿಸಿದೆವು. ಬೇಸಿಗೆಯೊಂದಕ್ಕೆ 6 ಸಾವಿರ ಡಾಲರ್ ಖರ್ಚಾಯಿತು, ಉಳಿದ ಯೂನಿಟ್ಟಿನ ಲೆಕ್ಕದಲ್ಲಿ ಅದಕ್ಕಿಂತ ಅಗ್ಗದ ವಿದ್ಯುತ್ತನ್ನು ನಾನು ಎಲ್ಲಿಯೂ ಕೊಂಡಿಲ್ಲ. ವಾಟರ್ ಹೀಟರ್‌ಗಳಿಗೆ ಟೈಮರ್ ಹಾಕಿದ್ದು ಮಾತ್ರ ಪೂರ್ತಿ ಕೈಕೊಟ್ಟಿತು. ಅರವತ್ತು ಮನೆಗಳಿಂದ ತಣ್ಣೀರಿನ ದೂರು ಬಂದು, ಎಂಟು ಸಾವಿರ ಡಾಲರಿನ ಟೈಮರ್‌ಗಳು ಈಗಲೂ ನಮ್ಮ ಉಗ್ರಾಣದಲ್ಲಿವೆ.

ಬರಗಾಲದ ಸಾಲನ್ನು ತೋರಿಸಿ, 2020ರ ಚಳಿಗಾಲದಲ್ಲಿ ಮುಂದಿನ ಎರಡು ಬೇಸಿಗೆಗಳ ಸಂಜೆ ಹೊತ್ತಿಗೆಂದು ವರ್ಷಕ್ಕೆ ಸುಮಾರು 60 ಲಕ್ಷ ಯೂನಿಟ್ ಮುಂಗಡವಾಗಿ ಕೊಳ್ಳಲು ಕೌನ್ಸಿಲ್ಲಿನಿಂದ ಹೇಗೋ ಒಪ್ಪಿಗೆ ಪಡೆದೆ. ಜನರ ದುಡ್ಡಿನಲ್ಲಿ ಜೂಜಾಡುತ್ತಿದ್ದೀಯೆಂದು ಒಬ್ಬರು ಸಭೆಯಲ್ಲೇ ಹೇಳಿದರು. 2021ರ ಡಿಸೆಂಬರಿನಿಂದ ವಾಪಾ ತನ್ನ ದರದ ಕ್ರಮ ಬದಲಿಸಿ, ನೀರಿನಿಂದ ಹುಟ್ಟಿದಷ್ಟನ್ನೇ ಕೊಡಲು ಶುರುಮಾಡಿತು. 2022ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದಿರುವ ಪೊವೆಲ್ ಜಲಾಶಯದಿಂದ ವರ್ಷಕ್ಕೆ ಬಿಡುವ ನೀರನ್ನು 74.8 ಲಕ್ಷ ಎಕರೆ ಅಡಿಯಿಂದ (ಎಕರೆ ಅಡಿಯೆಂದರೆ ಒಂದು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು) 70 ಲಕ್ಷಕ್ಕೆ ಇಳಿಸಿದರು. ನಮಗೆ ಬಂದದ್ದು ಒಪ್ಪಂದದ ಶೇ 60ರಷ್ಟಿರಬಹುದು. ಆ ಸೆಪ್ಟೆಂಬರಿನ ಬಿಸಿಗಾಳಿಯಲ್ಲಿ ಮಾರುಕಟ್ಟೆಯ ದರ ಕೈಗೆಟುಕದಂತಾದಾಗ ನಮ್ಮ ಸಂಜೆಯ ಕೊರತೆ ಬಹುಪಾಲು ಹಳೆಯ ದರದಲ್ಲೇ ತುಂಬಿತ್ತು. ಎರಡೂವರೆ ಲಕ್ಷ ಡಾಲರಿಗೆ ಕಡಿಮೆಯಿಲ್ಲದಷ್ಟು ಉಳಿಯಿತು. ಪಕ್ಕದ ಎರಡು ಊರುಗಳು ದರ ಏರಿಸಿದವು, ನಾವು ಏರಿಸಲಿಲ್ಲ.

2023ರ ಆರಂಭದ ತಿಂಗಳುಗಳಲ್ಲಿ ಪೊವೆಲ್‌ನ ಮಟ್ಟ ಸುಮಾರು 3,520 ಅಡಿಗೆ ಇಳಿಯಿತು, 3,490 ಅಡಿಗೆ ಟರ್ಬೈನುಗಳು ನಿಲ್ಲುತ್ತವೆ. ಆದ್ದರಿಂದ ಮುಂದಿನ ಯೋಜನೆಯ ಕೋಷ್ಟಕದಲ್ಲಿ ಗ್ಲೆನ್ ಕ್ಯಾನ್ಯನ್‌ನಿಂದ ಸೊನ್ನೆ ಎಂಬ ಸಾಲನ್ನೂ ಸೇರಿಸಿದ್ದೇನೆ. ಅದರ ಎದುರು ಎಷ್ಟು ಡಾಲರ್ ಬರೆಯಬೇಕೆಂಬ ವಿಷಯದಲ್ಲಿ ನನಗೂ ನಮ್ಮ ಲೆಕ್ಕಾಧಿಕಾರಿಗೂ ಇನ್ನೂ ಜಗಳ ನಡೆದಿದೆ.