‘ಇರಾಡಿಕೇಟ್’ ಎಂಬ ಕ್ರಿಯಾಪದವನ್ನು ಎಲ್ಲಿ, ಹೇಗೆ ಬಳಸಬೇಕು

ಮಂಡ್ಯದ ಸುತ್ತಿನ ಕಬ್ಬಿನ ಗದ್ದೆಗಳಲ್ಲಿ ಜೇಕು ತೆಗೆದು ಕೈ ಸೋತವರಿಗೆ ‘ಇರಾಡಿಕೇಟ್’ ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥವನ್ನು ನಿಘಂಟು ತೆರೆದು ವಿವರಿಸಬೇಕಾಗಿಲ್ಲ. ಕುಡುಗೋಲಿನಿಂದ ಮೇಲಿನ ಹುಲ್ಲನ್ನಷ್ಟೇ ಸವರಿದರೆ ಕೆಲವೇ ದಿನಗಳಲ್ಲಿ ಅದು ಮತ್ತೆ ಚಿಗುರುತ್ತದೆ. ಗುದ್ದಲಿಯಿಂದ ಅಗೆದು ನೋಡಿದರೆ, ಕಪ್ಪನೆಯ ಪುಟ್ಟ ಗಡ್ಡೆಗಳು ದಾರದಂಥ ಎಳೆಗಳಿಂದ ಒಂದಕ್ಕೊಂದು ಪೋಣಿಸಿಕೊಂಡು ಮಣ್ಣಿನೊಳಗೆ ಹರಡಿರುವುದು ಕಾಣುತ್ತದೆ. ಅವುಗಳಲ್ಲಿ ಒಂದು ಉಳಿದರೂ ಸಾಲು ಮತ್ತೆ ಹಸಿರಾಗುತ್ತದೆ. ಕೊನೆಯ ಗಡ್ಡೆಯೂ ಉಳಿಯದಂತೆ ಕಿತ್ತಾಗ ಮಾತ್ರ ಈ ಕ್ರಿಯಾಪದ ಸಲ್ಲುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ರಾಡಿಕ್ಸ್’ ಎಂದರೆ ಬೇರು, ಅದರ ಮೊದಲಿಗೆ ಸೇರುವ ‘ಎ’ ಎಂದರೆ ಹೊರಕ್ಕೆ. ನಮ್ಮ ‘ನಿರ್ಮೂಲನೆ’ಯೊಳಗೂ ಇರುವುದು ಮೂಲವೇ, ಅಂದರೆ ಬೇರೇ. ಎರಡು ಭಾಷೆಗಳು ಒಂದೇ ಚಿತ್ರವನ್ನು ಹಿಡಿದಿರುವ ಇಂಥ ಜೋಡಿ ಸಿಕ್ಕಾಗ ಅದನ್ನು ಬಿಡಬಾರದು. ಪದವನ್ನು ನೆನಪಿಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಬಳಕೆಯ ಮೊದಲ ಪರೀಕ್ಷೆಯೂ ಇದರಿಂದಲೇ ಹುಟ್ಟುತ್ತದೆ. ತೆಗೆಯಬೇಕಾದದ್ದು ಕೆಡುಕೇ, ಅದು ಹರಡಿ ಬೇರೂರಿದೆಯೇ, ಅರ್ಧಕ್ಕೆ ಬಿಟ್ಟರೆ ಮತ್ತೆ ತಲೆಯೆತ್ತುತ್ತದೆಯೇ ಎಂದು ಕೇಳಿಕೊಳ್ಳಬೇಕು. ರೋಗ, ಬಡತನ, ಅನಕ್ಷರತೆ, ಭ್ರಷ್ಟಾಚಾರ, ಮೂಢನಂಬಿಕೆ, ಕಳೆ, ಕೀಟ ಇವೆಲ್ಲ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಪಾಠಕ್ಕೆ ಬರುವ ವಿದ್ಯಾರ್ಥಿಯೊಬ್ಬ ಒಮ್ಮೆ ಅರ್ಜಿಯೊಂದನ್ನು ತಂದು ತೋರಿಸಿದ. ತೀರಿಕೊಂಡ ಅಜ್ಜಿಯ ಹೆಸರನ್ನು ಪಡಿತರ ಚೀಟಿಯಿಂದ ತೆಗೆಯಬೇಕೆಂಬ ಕೋರಿಕೆಯಲ್ಲಿ ಅವನು ‘ಇರಾಡಿಕೇಟ್ ಹರ್ ನೇಮ್’ ಎಂದು ಬರೆದಿದ್ದ. ಪದ ಗಂಭೀರವಾಗಿದ್ದರೆ ಅರ್ಜಿಗೆ ತೂಕ ಬರುತ್ತದೆ ಎಂಬುದು ಅವನ ಭಾವನೆ. ಆದರೆ ಓದುವವರಿಗೆ ಅಜ್ಜಿಯ ಹೆಸರೇ ಒಂದು ಪಿಡುಗೆಂಬಂತೆ ಕೇಳಿಸುತ್ತದೆ. ಅಲ್ಲಿ ‘ಡಿಲೀಟ್’ ಅಥವಾ ‘ರಿಮೂವ್’ ಸಾಕು. ಹಾಗೆಯೇ ಬಟ್ಟೆಯ ಕಲೆಗೆ ‘ರಿಮೂವ್’, ಕಾಯ್ದೆಯ ರದ್ದತಿಗೆ ‘ರಿಪೀಲ್’, ಪದ್ಧತಿಯ ರದ್ದತಿಗೆ ‘ಅಬಾಲಿಶ್’, ಸದನದಲ್ಲಿ ಆಡಿದ ಮಾತನ್ನು ಕಡತದಿಂದ ತೆಗೆದುಹಾಕುವುದಕ್ಕೆ ‘ಎಕ್ಸ್‌ಪಂಜ್’ ಸರಿಯಾದ ಪದಗಳು.

ಹೆಚ್ಚು ಎಚ್ಚರ ಬೇಕಾಗಿರುವುದು ಆರೋಗ್ಯದ ವಿಷಯ ಬರೆಯುವಾಗ. ಅಲ್ಲಿ ‘ಇರಾಡಿಕೇಟ್’ಗೂ ‘ಎಲಿಮಿನೇಟ್’ಗೂ ಗೆರೆ ಎಳೆದಂಥ ವ್ಯತ್ಯಾಸವಿದೆ. ‘ಎಲಿಮಿನೇಟ್’ನೊಳಗಿರುವ ಲ್ಯಾಟಿನ್ ‘ಲೀಮೆನ್’ ಎಂದರೆ ಹೊಸ್ತಿಲು. ಹೊಸ್ತಿಲಾಚೆಗೆ ಹಾಕುವುದು ಅದರ ಮೂಲಾರ್ಥ. ಹೊಸ್ತಿಲು ದಾಟಿಸಿದ್ದು ಬೀದಿಯಲ್ಲಿ ಉಳಿದಿರಬಹುದು, ಬೇರು ಕಿತ್ತದ್ದು ಎಲ್ಲಿಯೂ ಉಳಿಯುವುದಿಲ್ಲ. ಒಂದು ದೇಶದಲ್ಲೋ ಪ್ರದೇಶದಲ್ಲೋ ರೋಗದ ಹರಡುವಿಕೆ ನಿಂತರೆ ಅಥವಾ ನಿಗದಿತ ಮಿತಿಗಿಂತ ಕೆಳಗೆ ಇಳಿದರೆ ‘ಎಲಿಮಿನೇಷನ್’, ಇಡೀ ಜಗತ್ತಿನಲ್ಲಿ ಶಾಶ್ವತವಾಗಿ ಸೊನ್ನೆಗೆ ಇಳಿದರೆ ಮಾತ್ರ ‘ಇರಾಡಿಕೇಷನ್’. ಈ ಎರಡನೆಯ ಅರ್ಥದಲ್ಲಿ ಮನುಷ್ಯರ ರೋಗಗಳಲ್ಲಿ ಅಳಿದದ್ದು ಸಿಡುಬು ಒಂದೇ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 1980ರಲ್ಲಿ ಘೋಷಿಸಿತು. ದನಗಳನ್ನು ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್ ರೋಗ ಅಳಿದುದನ್ನು 2011ರಲ್ಲಿ ಘೋಷಿಸಲಾಯಿತು. ಪೋಲಿಯೊ ಭಾರತದಿಂದ ಹೋಯಿತೆಂದು 2014ರ ಮಾರ್ಚ್‌ನಲ್ಲಿ ಪ್ರಮಾಣೀಕರಿಸಿದ್ದರೂ, ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನಗಳಲ್ಲಿ ವೈರಾಣು ಉಳಿದುಕೊಂಡಿದ್ದರಿಂದ ನಮ್ಮ ಮಕ್ಕಳ ಬಾಯಿಗೆ ಹನಿ ಹಾಕುವುದನ್ನು ನಿಲ್ಲಿಸಲಿಲ್ಲ. ದಿನನಿತ್ಯದ ಇಂಗ್ಲಿಷಿನಲ್ಲಿ ‘ಪೋಲಿಯೊ ವಾಸ್ ಇರಾಡಿಕೇಟೆಡ್ ಫ್ರಮ್ ಇಂಡಿಯಾ’ ಎಂದರೆ ತಪ್ಪಲ್ಲ, ಆದರೆ ವೈದ್ಯಕೀಯ ವರದಿಯಲ್ಲಿ ಅಲ್ಲಿ ‘ಎಲಿಮಿನೇಟೆಡ್’ ಎಂದೇ ಬರೆಯಬೇಕು.

ಅನುವಾದಕರು ಎಡವುವುದೂ ಇಲ್ಲಿಯೇ, ಏಕೆಂದರೆ ಕನ್ನಡದಲ್ಲಿ ಎರಡಕ್ಕೂ ‘ನಿರ್ಮೂಲನೆ’ ಎಂದೇ ಬರೆಯುವ ರೂಢಿಯಿದೆ. ಕುಷ್ಠರೋಗದ ರಾಷ್ಟ್ರೀಯ ಕಾರ್ಯಕ್ರಮಕ್ಕೆ 1983ರಿಂದ ‘ಇರಾಡಿಕೇಷನ್’ ಎಂಬ ಹೆಸರಿದೆ. 2005ರ ಕೊನೆಗೆ ದೇಶ ಮುಟ್ಟಿದ್ದು ಮಾತ್ರ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ರೋಗಿ ಎಂಬ ‘ಎಲಿಮಿನೇಷನ್’ ಹಂತವನ್ನು. ಎರಡನ್ನೂ ಒಂದೇ ಪದದಿಂದ ಹೇಳಿದರೆ ಓದುಗರು ರೋಗವೇ ಇಲ್ಲವೆಂದು ತಿಳಿದು, ಚರ್ಮದ ಮೇಲಿನ ಸ್ಪರ್ಶಜ್ಞಾನವಿಲ್ಲದ ಮಚ್ಚೆಯನ್ನು ತೋರಿಸಿಕೊಳ್ಳದೆ ಸುಮ್ಮನಾಗಬಹುದು. ಆದುದರಿಂದ ‘ಎಲಿಮಿನೇಷನ್’ ಬಂದಲ್ಲಿ ‘ನಮ್ಮ ದೇಶದಲ್ಲಿ ಹರಡುವುದು ನಿಂತಿದೆ’ ಅಥವಾ ‘ನಿಗದಿತ ಮಿತಿಗಿಂತ ಕೆಳಗೆ ಇಳಿದಿದೆ’ ಎಂದು ಸಂದರ್ಭ ನೋಡಿ ಬಿಡಿಸಿ ಬರೆಯುವುದು ಮೇಲೆಂದು ನನ್ನ ದೃಢವಾದ ಅಭಿಪ್ರಾಯ. ನಮ್ಮ ರಾಜ್ಯದ 2017ರ ವಾಮಾಚಾರ ವಿರೋಧಿ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ‘ಪ್ರಿವೆನ್ಷನ್’ ಮತ್ತು ‘ಇರಾಡಿಕೇಷನ್’ ಎರಡೂ ಇವೆ: ಹೊಸದಾಗಿ ನಡೆಯದಂತೆ ತಡೆಯುವುದು ಒಂದು ಕೆಲಸ, ಬೇರೂರಿದ್ದನ್ನು ಕೀಳುವುದು ಇನ್ನೊಂದು.

ವ್ಯಾಕರಣ ಸುಲಭ. ಇದು ಸಕರ್ಮಕ ಕ್ರಿಯಾಪದ, ಆದ್ದರಿಂದ ಏನನ್ನು ಎಂಬುದಕ್ಕೆ ಉತ್ತರ ವಾಕ್ಯದಲ್ಲಿರಲೇಬೇಕು. ಎಲ್ಲಿಂದ ಎಂಬುದಕ್ಕೆ ‘ಫ್ರಮ್’ ಹಾಕಬೇಕು. ‘ಕಂಪ್ಲೀಟ್ಲಿ ಇರಾಡಿಕೇಟ್’ ಎಂಬ ಪ್ರಯೋಗ ಪತ್ರಿಕೆಗಳಲ್ಲಿ ಕಾಣುತ್ತದೆಯಾದರೂ, ಸಂಪೂರ್ಣತೆ ಕ್ರಿಯಾಪದದೊಳಗೇ ಇರುವುದರಿಂದ ಎಚ್ಚರಿಕೆಯ ಬರವಣಿಗೆಯಲ್ಲಿ ಆ ಕ್ರಿಯಾವಿಶೇಷಣ ಬೇಡ. ಕಾಗುಣಿತದಲ್ಲಿ ‘ಆರ್’ ಒಂದೇ, ಮೊದಲ ಅಕ್ಷರ ‘ಐ’ ಅಲ್ಲ, ‘ಇ’; ವಿಕಿರಣ ಹಾಯಿಸುವುದೆಂಬ ಅರ್ಥದ ‘ಇರ್ರೇಡಿಯೇಟ್’ನೊಂದಿಗೆ ಬೆರೆಸಿಕೊಂಡು ಎರಡು ‘ಆರ್’ ಹಾಕುವವರು ಬಹಳ. ಉಚ್ಚರಿಸುವಾಗ ಒತ್ತು ‘ರಾ’ ಎಂಬ ಎರಡನೆಯ ಅಕ್ಷರದ ಮೇಲೆ, ಅಂದರೆ ಬೇರು ಇರುವ ಕಡೆಯೇ ಬೀಳಬೇಕು.