ಬಾಸ್ಟನ್ ಕಡೆ ಬರುವ ನಮ್ಮೂರವರಿಗೆ: ಚಳಿಗಿಂತ ಮೊದಲು ಕತ್ತಲೆ ಬರುತ್ತದೆ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ಅಮೆರಿಕದ ಬಾಸ್ಟನ್ ಸುತ್ತಮುತ್ತ ಕೆಲಸಕ್ಕೆ ಬರುವವರು ಮೊದಲು ಕೇಳುವುದು ಚಳಿಯ ಬಗ್ಗೆ. ಎಂಥ ಜಾಕೆಟ್ ತರಬೇಕು, ಬೂಟು ಎಲ್ಲಿ ಸಿಗುತ್ತದೆ ಅಂತ. ಚಳಿಗೆ ಅಷ್ಟು ಹೆದರಬೇಡಿ. ಜಾಕೆಟ್ ಇಲ್ಲೇ ಕೊಳ್ಳಿ, ಮನೆಯೊಳಗೆ ಹೀಟರ್ ಇರುತ್ತದೆ. ನಮ್ಮವರನ್ನು ನಿಜವಾಗಿ ಕುಗ್ಗಿಸುವುದು ಕತ್ತಲೆ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.



ನಮ್ಮ ಕಡೆ ವರ್ಷದ ಅತಿ ಚಿಕ್ಕ ಹಗಲೂ 11 ತಾಸಿಗಿಂತ ಜಾಸ್ತಿ ಇರುತ್ತದೆ, ಅತಿ ದೊಡ್ಡದು ಸುಮಾರು 13 ತಾಸು. ಆ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ, ಅಲ್ವಾ? ಬಾಸ್ಟನ್‌ನಲ್ಲಿ ಜೂನ್‌ನ ಹಗಲು 15 ತಾಸು, ಡಿಸೆಂಬರ್‌ನದು 9. ಸಾಲದ್ದಕ್ಕೆ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಆವತ್ತಿನಿಂದ ಸಂಜೆ ನಾಲ್ಕೂವರೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಊರಲ್ಲಿ ಅದು ಚಹಾ ಕುಡಿದು ಕಟ್ಟೆಗೆ ಹೊರಡುವ ಹೊತ್ತು. ಇಲ್ಲಿ ಆಫೀಸಿನಿಂದ ಹೊರಗೆ ಬಂದರೆ ರಾತ್ರಿ. ಫೋನಿನ ಲೆಕ್ಕವೂ ಬದಲಾಗುತ್ತದೆ. ಊರಿಗೂ ಇಲ್ಲಿಗೂ ಇದ್ದ ಒಂಬತ್ತೂವರೆ ತಾಸಿನ ಅಂತರ ಹತ್ತೂವರೆ ಆಗುತ್ತದೆ. ಅವ್ವನಿಗೆ ಒಂದು ವಾರ ಮೊದಲೇ ಹೇಳಿಡಿ, ಇಲ್ಲದಿದ್ದರೆ ಫೋನ್ ಬರಲಿಲ್ಲ ಅಂತ ಊಟ ಬಿಟ್ಟು ಕಾಯುತ್ತಾಳೆ.

ಅದಕ್ಕೇ ಹೇಳುತ್ತೇನೆ, ಅಕ್ಟೋಬರ್‌ನಲ್ಲಿ ಸಿಕ್ಕಷ್ಟು ಹೊತ್ತು ಹೊರಗೆ ಇರಿ. ಶನಿವಾರ, ಭಾನುವಾರ ಮನೆಯಲ್ಲಿ ಸುಮ್ನೆ ಟಿವಿ ಮುಂದೆ ಕೂತು ಕಳೆಯಬೇಡಿ. ಬಣ್ಣದ ಎಲೆ ನೋಡಲು ಉತ್ತರದ ವರ್ಮಾಂಟ್ ರಾಜ್ಯದ ತನಕ ಹೋಗಲೇಬೇಕು ಅಂತಿಲ್ಲ. ಅಲ್ಲಿ ಸೆಪ್ಟೆಂಬರ್ ಕೊನೆಗೆ ಬಣ್ಣ ತಿರುಗಿದರೆ, ಬಾಸ್ಟನ್‌ನಲ್ಲಿ ಅಕ್ಟೋಬರ್‌ನ ಎರಡನೇ ಅರ್ಧದಲ್ಲಿ ನಿಮ್ಮ ಓಣಿಯಲ್ಲೇ ತಿರುಗುತ್ತದೆ. ಹಗಲು ಕಡಿಮೆಯಾದಂತೆ ಎಲೆಯ ಹಸಿರು ಒಡೆದು ಹೋಗುತ್ತದೆ. ಹಳದಿ ಮೊದಲಿನಿಂದ ಒಳಗೇ ಇರುತ್ತದೆ, ಹಸಿರು ಹೋದ ಮೇಲೆ ಕಾಣುತ್ತದೆ. ಮೇಪಲ್ ಮರದ ಕೆಂಪು ಮಾತ್ರ ಆಗ ಹೊಸದಾಗಿ ತಯಾರಾಗುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ತಂಪು ಇದ್ದ ವರ್ಷ ಕೆಂಪು ಜೋರು.

ಮಕ್ಕಳು ಎಲೆಗಳ ರಾಶಿಯಲ್ಲಿ ಬಿದ್ದು ಹೊರಳಾಡುತ್ತಾರೆ. ಆಡಲಿ. ಆದರೆ ಮನೆಗೆ ಬಂದ ಮೇಲೆ ಕಿವಿಯ ಹಿಂದೆ, ಕಂಕುಳಲ್ಲಿ, ಮೊಣಕಾಲಿನ ಹಿಂದೆ ಉಣ್ಣಿ ಹತ್ತಿದೆಯಾ ನೋಡಿ. ನಮ್ಮ ದನಕ್ಕೆ ಹತ್ತುವ ಉಣ್ಣಿಯಂಥದ್ದೇ, ಇನ್ನೂ ಸಣ್ಣದು. ಅದರಿಂದ ಲೈಮ್ ಅನ್ನುವ ಕಾಯಿಲೆ ಬರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲೂ ಅದರ ಕಾಟ ಇರುತ್ತದೆ, ಬೇಸಿಗೆ ಮುಗಿಯಿತು ಅಂತ ಮೈಮರೆಯಬೇಡಿ.

ಒಂದು ದಿನ ಪ್ಲಿಮತ್ ಕಡೆ ಹೋಗಿ ಕ್ರ್ಯಾನ್‌ಬೆರಿ ಕೊಯ್ಲು ನೋಡಿ ಬನ್ನಿ. ತೋಟಕ್ಕೆ ನೀರು ತುಂಬಿಸಿ, ಗಿಡದಿಂದ ಹಣ್ಣು ಬಿಡಿಸಿ, ತೇಲುವ ಹಣ್ಣನ್ನೆಲ್ಲ ಒಂದು ಮೂಲೆಗೆ ತಳ್ಳುತ್ತಾರೆ. ಗಂಗಾವತಿ, ಸಿಂಧನೂರಿನ ಕಾಲುವೆ ನೀರಿನ ಗದ್ದೆ ನೋಡಿ ಬೆಳೆದವರು ಅಲ್ಲಿ ಬೇಗ ಕದಲುವುದಿಲ್ಲ. ಹಣ್ಣು ಬಹಳ ಹುಳಿ. ಬೆಲ್ಲ, ಒಣ ಮೆಣಸಿನಕಾಯಿ, ಮೆಂತ್ಯ ಹಾಕಿ ಗೊಜ್ಜು ಮಾಡಿದರೆ ಜೋಳದ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಅಂಗಡಿಯಲ್ಲಿ ಸಿಗುವ ಜೋಳದ ಹಿಟ್ಟು ಹಳೆಯದಾಗಿದ್ದರೆ ಜಿಗಿ ಇರುವುದಿಲ್ಲ. ಕುದಿಯುವ ನೀರು ಹಾಕಿ ನಾದಿ.

ದಸರೆ ಬರುವುದೂ ಇದೇ ದಿನಗಳಲ್ಲಿ. ಬನ್ನಿ ಎಲೆ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರಬೇಡಿ. ಎಲೆ, ಬೀಜ ಹೇಳದೆ ತಂದರೆ ವಿಮಾನ ನಿಲ್ದಾಣದಲ್ಲಿ ದಂಡ ಬೀಳಬಹುದು. ಬನ್ನಿ ಇಲ್ಲ ಅಂತ ಹಬ್ಬವನ್ನೂ ಬಿಡಬೇಡಿ. ಊರಿನ ಕಡೆಯ ಹಿರಿಯರು ಯಾರಾದರೂ ಹತ್ತಿರದಲ್ಲಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ, ಕಾಲು ಮುಟ್ಟಿಸಿ, "ಬಂಗಾರದಂಗ ಇರೋಣ" ಅನ್ನಿ. ಆ ಮಾತು ಮಕ್ಕಳ ಬಾಯಲ್ಲಿ ಉಳಿಯಬೇಕು.

ದಸರೆಯ ಬೆನ್ನಿಗೇ ಶೀಗಿ ಹುಣ್ಣಿಮೆ. ಆವತ್ತು ನನಗೆ ಇಷ್ಟು ವರ್ಷವಾದರೂ ಸಂಕಟವಾಗುತ್ತದೆ. ನಮ್ಮ ಮಕ್ಕಳಿಗೆ ಚರಗ, ಅಂದರೆ ಭೂತಾಯಿಗೆ ಎಡೆಯ ಅನ್ನ, ಚೆಲ್ಲಲು ಹೊಲ ಇಲ್ಲ. ಎಲೆ ಯಾಕೆ ಕೆಂಪಾಗುತ್ತದೆ ಅಂತ ಅವರಿಗೆ ಗೊತ್ತು. ಹಿಂಗಾರಿ ಜೋಳ ಯಾವಾಗ ಬಿತ್ತುತ್ತಾರೆ, ಮಳೆ ಬಿದ್ದ ಎರೆ ಹೊಲದಲ್ಲಿ ಕಾಲು ಹೇಗೆ ಹೂತುಕೊಳ್ಳುತ್ತದೆ ಗೊತ್ತಿಲ್ಲ. ನಾವು ಬಿಟ್ಟು ಬಂದಿದ್ದು ಮನೆ ಮಾತ್ರ ಅಲ್ಲ, ಆ ತಿಳಿವಳಿಕೆಯನ್ನೂ. ಅದನ್ನು ಇಲ್ಲಿ ಪೂರ್ತಿ ಕಲಿಸಲು ಆಗುವುದಿಲ್ಲ. ಆದರೂ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಕಡಬು ಕಟ್ಟಿಕೊಂಡು ಪಾರ್ಕಿಗೆ ಹೋಗಿ, ನಾಲ್ಕು ಮನೆಯವರು ಸೇರಿ ಬಿಸಿಲಲ್ಲಿ ಕೂತು ಉಣ್ಣಿ. ಅನ್ನ ಅಲ್ಲಿ ಚೆಲ್ಲಬೇಡಿ, ಕಾಡುಪ್ರಾಣಿಗಳಿಗೆ ಒಳ್ಳೆಯದಲ್ಲ. ಊರಲ್ಲಿ ಯಾರು ಎಲ್ಲಿ ಚೆಲ್ಲುತ್ತಿದ್ದರು, ಏನಂತ ಕೂಗುತ್ತಿದ್ದರು ಅಂತ ಉಣ್ಣುತ್ತಾ ಹೇಳಿ. ವಿಡಿಯೋ ಕಾಲ್‌ನಲ್ಲಿ ಅಜ್ಜನಿಗೆ ಹೊಲ ತೋರಿಸಲು ಹೇಳಿ.

ಇನ್ನು ನವೆಂಬರ್ ಕತ್ತಲೆ. ಅದಕ್ಕೆ ಕೈಗೆ ಕೆಲಸ ಬೇಕು. ನಾನು ಹೇಳುವುದು ಕೌದಿ ಹೊಲಿಯಲು ಕೂರಿ ಅಂತ, ಗಂಡಸರೂ. ಹಳೇ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು, ಅಂಚಿನಿಂದ ಒಳಗೆ ಸುತ್ತುತ್ತಾ ಹೊಲಿಯುವ ಕೆಲಸ. ಮಶೀನು ಬೇಡ, ಸೂಜಿ ದಾರ ಸಾಕು. ಇಲ್ಲಿನವರಿಗೂ ತುಂಡು ಬಟ್ಟೆಯ ಹೊದಿಕೆ ಹೊಲಿಯುವ ಹಳೆಯ ರೂಢಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಹತ್ತಿ ಗಿರಣಿಗಳಿಗೆ ಹೆಸರಾದ ಲೋವೆಲ್ ಊರಲ್ಲಿ ಅದಕ್ಕೇ ಒಂದು ಮ್ಯೂಸಿಯಂ ಇದೆ, ನ್ಯೂ ಇಂಗ್ಲೆಂಡ್ ಕ್ವಿಲ್ಟ್ ಮ್ಯೂಸಿಯಂ. ಹಲವು ಊರುಗಳ ಲೈಬ್ರರಿಯಲ್ಲಿ ಹೊಲಿಗೆ, ಹೆಣಿಗೆ ಮಾಡುವವರು ಸೇರುತ್ತಾರೆ. ಇಂಗ್ಲಿಷ್ ಮಾತಾಡಲು ಹಿಂಜರಿದು ಮನೆಯಲ್ಲೇ ಉಳಿಯುವ ಅಕ್ಕಂದಿರು ದಯವಿಟ್ಟು ಅಲ್ಲಿಗೆ ಹೋಗಿ. ಕೌದಿ ಬಿಚ್ಚಿ ತೋರಿಸಿದರೆ ಅವರೇ ಹತ್ತಿರ ಬಂದು ಕೂರುತ್ತಾರೆ.

ಕಿನ್ನಾಳದ ಗೊಂಬೆ ತರುವುದಿದ್ದರೆ ಹೀಟರ್‌ನಿಂದ ದೂರ ಇಡಿ. ಅದು ಹಗುರ ಮರದ್ದು, ಇಲ್ಲಿನ ಒಣ ಗಾಳಿಗೆ ಬಣ್ಣ ಬಿರುಕು ಬಿಡಬಹುದು.

ಕೌದಿಗೆ ಬೇಕಾದ ಹಳೇ ಸೀರೆ ಮಾತ್ರ ಇಲ್ಲಿ ಸಿಗುವುದಿಲ್ಲ. ಊರಲ್ಲಿ ಅವನ್ನು ಸ್ಟೀಲ್ ಪಾತ್ರೆ ಮಾರಲು ಬರುವವರಿಗೆ ಕೊಟ್ಟುಬಿಡುತ್ತಾರೆ. ಹೊರಡುವ ಮೊದಲೇ ಅವ್ವನಿಗೆ, ಅಜ್ಜಿಗೆ ಹೇಳಿ ನಾಲ್ಕೈದು ತೆಗೆದಿರಿಸಿಕೊಳ್ಳಿ. ರೇಷ್ಮೆ ಬೇಡ, ಜರಿ ಬೇಡ. ಉಟ್ಟು ಒಗೆದು ಮೆತ್ತಗಾದ ಕಾಟನ್ ಸೀರೆಯಲ್ಲಿ ಸೂಜಿ ಚೆನ್ನಾಗಿ ಓಡುತ್ತದೆ.