ಗಂಡ-ಹೆಂಡತಿ ಜೊತೆಯಾಗಿ ಓಡುವಾಗ ನಾಡಿ ಲೆಕ್ಕ ಬೇರೆ ಬೇರೆ ಇಟ್ಟುಕೊಳ್ಳಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ನಾನೂ ನನ್ನ ಹೆಂಡತಿಯೂ ಓಡಲು ಶುರು ಮಾಡಿದ ಹೊಸತು. ಇಬ್ಬರದೂ ಒಂದೇ ವೇಗ. ಅರ್ಧ ಸುತ್ತಿನಲ್ಲಿ ನಿಂತು ನೋಡಿದರೆ ನನ್ನ ನಾಡಿ 140, ಅವಳದು 158. "ನಿನಗೆ ಅಭ್ಯಾಸ ಸಾಲದು" ಅಂದುಬಿಟ್ಟೆ. ಎರಡು ದಿನ ಅವಳು ನನ್ನ ಜೊತೆ ಬರಲಿಲ್ಲ. ಸರಿಯಾಗೇ ಮಾಡಿದಳು, ತಪ್ಪು ನನ್ನದೇ.

ಒಂದೇ ಅಳತೆಯ ಎರಡು ಬಕೆಟ್ ತುಂಬಿಸಬೇಕು ಅಂದುಕೊಳ್ಳಿ. ಒಬ್ಬರ ಕೈಯಲ್ಲಿ ದೊಡ್ಡ ಚೊಂಬು, ಇನ್ನೊಬ್ಬರ ಕೈಯಲ್ಲಿ ಸಣ್ಣದು. ಸಣ್ಣ ಚೊಂಬಿನವರು ಜಾಸ್ತಿ ಸಲ ಮೊಗೆಯಬೇಕು ಅಲ್ವಾ? ಹೆಂಗಸರ ಹೃದಯ ಸಾಮಾನ್ಯವಾಗಿ ಚಿಕ್ಕದು, ಒಂದು ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆ. ಸಾಲದ್ದಕ್ಕೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕೂಡ ಕಡಿಮೆ. ಹಾಗಾಗಿ ಅದೇ ವೇಗಕ್ಕೆ ಬಡಿತ ಹೆಚ್ಚಾಗುತ್ತದೆ.

ಅದಕ್ಕೇ ವೇಗ ಹೊಂದಿಸಬೇಡಿ, ಶ್ರಮ ಹೊಂದಿಸಿ. ಓಡುತ್ತಾ ಒಂದು ಇಡೀ ವಾಕ್ಯ ಹೇಳಲು ಆಗಬೇಕು, ಆದರೆ ಹಾಡಲು ಆಗಬಾರದು. ಇಬ್ಬರಿಗೂ ಅದೇ ಅಳತೆ. ಒಬ್ಬರು ಮುಂದೆ ಹೋದರೆ ತಿರುಗಿ ಬಂದು ಸೇರಿಕೊಳ್ಳಲಿ, ಅಷ್ಟೆ.

ನಂಬರ್ ಬೇಕೇ ಬೇಕು ಅನ್ನುವವರಿಗೆ: ನಾಡಿ ಹೆಚ್ಚೆಂದರೆ ಎಷ್ಟಕ್ಕೆ ಏರಬಹುದು ಅಂತ ತಿಳಿಯಲು 220ರಲ್ಲಿ ವಯಸ್ಸು ಕಳೆಯುವ ಲೆಕ್ಕ ಎಲ್ಲರಿಗೂ ಗೊತ್ತು. ಹೃದ್ರೋಗ ತಜ್ಞೆ ಮಾರ್ಥಾ ಗುಲಾಟಿ ಮತ್ತು ಜೊತೆಗಾರರು 2010ರಲ್ಲಿ ಹೆಂಗಸರಿಗೇ ಬೇರೆ ಸೂತ್ರ ಕೊಟ್ಟರು. ವಯಸ್ಸನ್ನು 0.88ರಿಂದ ಗುಣಿಸಿ 206ರಲ್ಲಿ ಕಳೆಯಿರಿ. 40 ವರ್ಷದವರಿಗೆ ಹಳೇ ಲೆಕ್ಕ 180 ಹೇಳಿದರೆ ಇದು ಸುಮಾರು 171 ಹೇಳುತ್ತದೆ. ಎರಡೂ ಅಂದಾಜೇ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಎರಡೂ ನಡೆಯಲ್ಲ, ಆ ಮಾತ್ರೆ ಬಡಿತವನ್ನೇ ಇಳಿಸುತ್ತದೆ.

ಈಗ ಗಂಡಸರು ಸ್ವಲ್ಪ ತಗ್ಗಬೇಕಾದ ಜಾಗ. ಮನೆಯಲ್ಲೇ ಮಾಡಿ ನೋಡಿ. ನೀವು ಒಂದು ಕೈಯಲ್ಲಿ ಹೆಚ್ಚೆಂದರೆ 20 ಕೆಜಿ ಎತ್ತುವವರಾದರೆ 5 ಕೆಜಿ ಡಂಬೆಲ್ ತಗೊಳ್ಳಿ, ಹೆಂಡತಿ 12 ಎತ್ತುವವರಾದರೆ ಅವರಿಗೆ 3 ಕೆಜಿ. ಮೊಣಕೈ ಮಡಚಿ ಅಲ್ಲಾಡದೆ ಹಿಡಿದು ನಿಲ್ಲಿ, ಉಸಿರು ಕಟ್ಟಬೇಡಿ. ಬಹಳ ಮಟ್ಟಿಗೆ ಮೊದಲು ಕೈ ನಡುಗುವುದು ಗಂಡಸಿನದೇ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳವನ್ನೇ ಹಿಸುಕುತ್ತದೆ, ಬಲವಾದ ಸ್ನಾಯು ಇನ್ನೂ ಜಾಸ್ತಿ ಹಿಸುಕುತ್ತದೆ. ಹೆಂಗಸರಲ್ಲಿ ಈಸ್ಟ್ರೊಜೆನ್ ಹಾರ್ಮೋನು ನಾಳ ಹಿಗ್ಗಲು ನೆರವಾಗುತ್ತದೆ, ಬಿಪಿಯೂ ಅಷ್ಟು ಏರುವುದಿಲ್ಲ. ಭಾರ ತೀರಾ ಹೆಚ್ಚಾದರೆ ಈ ವ್ಯತ್ಯಾಸ ಕಾಣುವುದಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತದೆ, ಆ ವಯಸ್ಸಿನವರು ಭಾರ ಎತ್ತುವ ಮುಂಚೆ ಬಿಪಿ ನೋಡಿಸಿಕೊಳ್ಳಿ.

ಓಟ ಮುಗಿಸಿ ತಟಕ್ಕನೆ ನಿಲ್ಲಬೇಡಿ. ಓಡುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ನಿಂತ ಕೂಡಲೇ ಆ ಪಂಪು ಬಂದ್, ರಕ್ತ ಕಾಲಲ್ಲೇ ಉಳಿಯುತ್ತದೆ. ಹೆಂಗಸರಿಗೆ ಇದರಿಂದ ತಲೆ ಸುತ್ತು ಬರುವುದು ಜಾಸ್ತಿ. ಐದು ನಿಮಿಷ ನಿಧಾನ ನಡೆಯಿರಿ. ಕಣ್ಣು ಕತ್ತಲೆ ಬಂದರೆ ನಾಚಿಕೆ ಬಿಟ್ಟು ಅಲ್ಲೇ ಮಲಗಿ, ಕಾಲು ಕಲ್ಲುಬೆಂಚಿನ ಮೇಲಿಡಿ. ಎದೆ ನೋವು ಬಂದರೆ ಮಾತ್ರ ಕಾಯಬೇಡಿ, ಸೀದಾ ಆಸ್ಪತ್ರೆ.

ನಿನ್ನೆವರೆಗೆ ಸಲೀಸಾಗಿದ್ದ ಸುತ್ತಿಗೇ ಈಗ ಏದುಸಿರು ಬರುತ್ತಿದ್ದರೆ ಹೊಸ ಶೂ ಕೊಳ್ಳುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಂಗಸರಿಗೆ 12, ಗಂಡಸರಿಗೆ 13 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ಇದಿತ್ತು, ಗಂಡಸರಲ್ಲಿ ಶೇ 25. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಅದನ್ನು ಓಟ ಮುಗಿಸಿ ಕುಡಿಯುವ ಫಿಲ್ಟರ್ ಕಾಫಿ ಜೊತೆ ಮಾತ್ರ ನುಂಗಬೇಡಿ, ಕಾಫಿ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.